ಕಂಪ್ಯೂಟರಿಗೆ ಏರಿದ ಅಳತೆಗಳು

ಟಣ್!

ಬೆಳಿಗ್ಗೆಯಿಂದ ಕಂಪ್ಯೂಟರು ಹೀಗೆ ಕೂಗಿದ್ದು ಇದು ಒಂಬತ್ತನೆಯ ಸಲ. ಪಕ್ಕದಲ್ಲಿ ಹೆಂಡತಿಯ ಹೊಲಿಗೆ ಯಂತ್ರ ನಿಂತಿತು.

"ಏನಂತೆ ರೀ ಅದಕ್ಕೆ?"

"ಹೊಸ ಡೇಟಾಬೇಸ್ ಸಾಫ್ಟ್‌ವೇರು ಹಾಕ್ತಿದ್ದೀನಿ. ಹಳೇದು ಜಾಗ ಬಿಡ್ತಿಲ್ಲ. ನೀನು ಸುಮ್ನೆ ಹೊಲಿ!"

ನಿವೃತ್ತ ಸ್ಟೋರ್‌ಕೀಪರು ತಿಂಗಳ ಹಿಂದೆ ಶಪಥ ಮಾಡಿದ್ದರು: ಹೆಂಡತಿಯ ಗಿರಾಕಿಗಳ ಅಳತೆಗಳನ್ನೆಲ್ಲ ಆ ಎಣ್ಣೆ ಕುಡಿದ ಪುಸ್ತಕದಿಂದ ಬಿಡಿಸಿ ಕಂಪ್ಯೂಟರಿನ ಸಿಂಹಾಸನದ ಮೇಲೆ ಕೂರಿಸುತ್ತೇನೆ! ಕೂರಿಸಿಯೂ ಬಿಟ್ಟರು. ಉಗ್ರಾಣದಲ್ಲಿ ಮೂವತ್ತು ವರ್ಷ ಪಾಲಿಸಿದ ಶಿಸ್ತೊಂದಿತ್ತು. ಚೀಟಿ ಲೆಡ್ಜರಿಗೆ ಏರಿದ ಕೂಡಲೇ ಅದನ್ನು ಹರಿಯಬೇಕು. ಇಲ್ಲದಿದ್ದರೆ ಅದೇ ಮೊಳೆ ಲೆಕ್ಕಕ್ಕೆ ಎರಡು ಸಲ ಏರುತ್ತದೆ. ಹಾಗಾಗಿ ಪುಟ ಟೈಪಾದಂತೆಲ್ಲ ಚೂರುಚೂರು ಮಾಡುತ್ತ ಬಂದರು. ಪುಸ್ತಕದಲ್ಲಿ ಕೊನೆಗೆ ಉಳಿದದ್ದು ರಟ್ಟು!

ಈಗ ಪರದೆ ಕೇಳಿತು: ಹಳೆಯದರ ಜೊತೆ ಅದರೊಳಗಿನ ಮಾಹಿತಿಯನ್ನೂ ಅಳಿಸಲೇ?

"ಹೊಸ ಸಂಸಾರಕ್ಕೆ ಹಳೇ ಕಸ ಯಾಕೆ?" ಎಂದು ಧೀರರು 'ಹೌದು' ಒತ್ತಿದರು. ಹೊಸ ಸಾಫ್ಟ್‌ವೇರು ಬೆಣ್ಣೆಯಂತೆ ಇಳಿಯಿತು. ತೆರೆದು ನೋಡಿದರೆ ಒಳಗೆ ಒಂದು ನರಪಿಳ್ಳೆಯೂ ಇಲ್ಲ!

"ರೀ, ಬ್ಯಾಂಡಿನವರ ಅಳತೆ ಹೇಳಿ. ಬಟ್ಟೆ ಕತ್ತರಿಸ್ಬೇಕು."

ಹದಿನಾಲ್ಕು ಕೋಟು, ಶನಿವಾರದ ಕಾರ್ಯಕ್ರಮಕ್ಕೆ. ತಂಡ ಪ್ರವಾಸದಲ್ಲಿತ್ತು, ಬಂದಿಳಿದು ನೇರ ವೇದಿಕೆ ಹತ್ತುವವರು. ಹನ್ನೆರಡು ವರ್ಷ ಅವಳ ಕೈಬಿಡದ ಗಿರಾಕಿಗಳು ಇವರ ಒಂದು ಬೆರಳಿನಿಂದ ಹೋದಂತೆಯೇ!

"ಅಳತೆ... ಇತ್ತು ಕಣೇ."

"ಇತ್ತು ಅಂದ್ರೆ?"

ಹೇಳಿದರು. ಅವಳು ಕತ್ತರಿ ಕೆಳಗಿಟ್ಟಳು. ಇವರು ಕಣ್ಣು ಮುಚ್ಚಿಕೊಂಡರು.

"ಬರ್ಕೊಳ್ಳಿ. ಕಹಳೆಯವರು, ಎದೆ ನಲವತ್ತು. ಊದೋವಾಗ ಇನ್ನೊಂದು ಇಂಚು ಬೇಕು. ಡ್ರಮ್ಮಿನವರು, ಬಲಭುಜ ಇಳಿದಿದೆ. ಒಳಗೆ ಹತ್ತಿ ಇಡ್ತೀನಿ. ಅವರಿಗೆ ಹೇಳ್ಬೇಡಿ, ನೊಂದ್ಕೋತಾರೆ."

"ಇದೆಲ್ಲ ಪುಸ್ತಕದಲ್ಲಿ ಇರ್ಲೇ ಇಲ್ಲವಲ್ಲೇ!"

"ಟೇಪು ಹಿಡಿದೋಳು ನಾನು ರೀ, ಪುಸ್ತಕ ಅಲ್ಲ."

ಹದಿನಾಲ್ಕೂ ಬಂದವು, ಒಂದೂ ತಡವರಿಸದೆ. ಟೈಪಿಸುತ್ತಿದ್ದವರ ಕಣ್ಣು ಮಂಜಾಯಿತು. ಇಂಥವಳಿಗೆ ಬರೀ ಗಿರಾಕಿಯಾಗಿದ್ದರೂ ಪುಣ್ಯವೇ ಎನ್ನಿಸಿತು.

"ನನ್ನದೂ ಸೇರಿಸ್ತೀನಿ. ಸೊಂಟ ಮೂವತ್ತಾರು."

"ನಲವತ್ತು."

"ನಿನಗೆಲ್ಲೋ ಭ್ರಮೆ! ಎಂಟು ವರ್ಷದಿಂದ ಇದೇ ಪ್ಯಾಂಟು, ಒಂದು ದಿನ ಬಿಗಿಯಾಗಿಲ್ಲ!"

"ಬಿಗಿಯಾಗೋ ಮೊದ್ಲೇ ಬಿಚ್ಚಿ ಹೊಲೀತೀನಲ್ಲ, ವರ್ಷಕ್ಕೆ ಅರ್ಧ ಇಂಚು. ಎಲ್ಲರ ಮುಂದೆ ಅಷ್ಟು ಜಂಬ ಪಡ್ತೀರಿ, ಯಾಕೆ ನೋಯಿಸೋದು ಅಂತ ಸುಮ್ಮನಿದ್ದೆ. ಈ ವರ್ಷ ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆಯೂ ಮುಗೀತು. ಹಿಂದ್ಗಡೆ ಒಂದು ತುಂಡು ಕೂಡಿಸಿದ್ದೀನಿ..."

ಸ್ಟೋರ್‌ಕೀಪರು ಒಂದು ಕೈಯನ್ನು ಹಿಂದಕ್ಕಿಟ್ಟುಕೊಂಡು ಎದ್ದರು.

"ಎಲ್ಲಿಗೆ ರೀ?"

"ನಿನಗೆ ಚಹಾ ಮಾಡ್ತೀನಿ."

"ಪೂರ್ತಿ ಕೇಳಿ ಹೋಗಿ! ಆ ತುಂಡಿನ ಬಣ್ಣ ಇದೆಯಲ್ಲ..."

ಅವರು ಕೇಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಅಡ್ಡಡ್ಡವಾಗಿ, ಅಡುಗೆಮನೆಯತ್ತ ಸರಿಯುತ್ತಲೇ ಇದ್ದರು.