ಪ್ಲೇಟಿನ ಇಂಗ್ಲಿಷು

ಬೆಳಗಿನ ಕಾಫಿಯ ಹೊತ್ತಿಗೆ ಗ್ರಾಮಫೋನಿನ ಸೂಜಿ ಮುರಿಯಿತು. ಅಷ್ಟಕ್ಕೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೊಣ್ಣಪ್ಪನ ಎದೆ ಧಸಕ್ಕೆಂದಿತು. ಅವನ ಕೆಲಸ, ಕೆಲಸಕ್ಕೆಂದು ಕೊಟ್ಟ ಮನೆ, ಎರಡೂ ಆ ಸೂಜಿಯನ್ನೇ ನಂಬಿಕೊಂಡಿದ್ದವು.

ಹಳೆಯ ಬಿಳಿ ದೊರೆ ಸೀಮೆಗೆ ಹೋಗಿಯಾಗಿತ್ತು. ಇಂಗ್ಲಿಷ್ ಮಾತಾಡಲು ಬಾರದ ರೈಟರನ್ನು ಹೊಸ ಮ್ಯಾನೇಜರ್ ಜಯಪ್ಪನವರು ಇಟ್ಟುಕೊಳ್ಳುವುದಿಲ್ಲವಂತೆ ಎಂಬ ಸುದ್ದಿ ಅವರಿಗಿಂತ ಮೊದಲೇ ಎಸ್ಟೇಟಿಗೆ ಬಂದಿಳಿದಿತ್ತು. ಮೊಣ್ಣಪ್ಪನಿಗೆ ಮನೆಗೆ ಅರೆಭಾಷೆ, ಸಂತೆಗೆ ಕೊಡವ ತಕ್ಕ್, ಲೈನ್ ಮನೆಗಳ ಆಳುಗಳಿಗೆ ತಮಿಳು, ಮಲಯಾಳ ಎಲ್ಲ ಬರುತ್ತಿತ್ತು. ಹಳೆಯ ದೊರೆ ಬೈಗುಳ ಸಮೇತ ಕನ್ನಡ ಕಲಿತಿದ್ದರಿಂದ ಇಂಗ್ಲಿಷೊಂದು ಬೇಕಾಗಿರಲಿಲ್ಲ.

ಭಾವ ಸೋಮಯ್ಯ ಮೈಸೂರಿನ ಹಳೇ ಸಾಮಾನಿನ ಅಂಗಡಿಯಿಂದ ಇಂಗ್ಲಿಷ್ ಕಲಿಸುವ ಗ್ರಾಮಫೋನ್ ಪ್ಲೇಟುಗಳನ್ನು ತಂದುಕೊಟ್ಟಿದ್ದ. ನಮಸ್ಕಾರ, ಕುಶಲಪ್ರಶ್ನೆಗಳ ಪ್ಲೇಟೆಲ್ಲ ಗೋಣಿಕೊಪ್ಪಲಿನ ಬಸ್ಸಿನಲ್ಲೇ ಪುಡಿಯಾಗಿ, ಉಳಿದದ್ದು ಎರಡೇ ಪಾಠ: ರೈಲ್ವೆ ಸ್ಟೇಷನ್ ಮತ್ತು ಹೋಟೆಲು. ಕೊಡಗಿನಲ್ಲಿ ರೈಲೇ ಇಲ್ಲ. ಹುಟ್ಟಿದಾರಭ್ಯ ರೈಲು ಕಾಣದ ಮೊಣ್ಣಪ್ಪ ಲಂಡನ್ನಿನ ಪ್ಲಾಟ್‌ಫಾರ್ಮಿನಲ್ಲಿ ಟ್ರಂಕು ಹುಡುಕುವುದನ್ನು ಬಾಯಿಪಾಠ ಮಾಡಿದ್ದ.

"ಇದ್ ಎಂತರ ಇಂಗ್ಲಿಷ್? ರೈಲ್ ಬುಟ್ಟ್ ಬೇರೆ ಮಾತೇ ಇಲ್ಲೆನಾ?" ಎಂದಳು ಹೆಂಡತಿ ದಮಯಂತಿ.

ಸಂಜೆ ಆಫೀಸಿಗೆ ಬರಬೇಕೆಂದು ಮ್ಯಾನೇಜರು ಹೇಳಿಕಳಿಸಿದ್ದರು. ಹೋಟೆಲಿನ ಪಾಠ ಇನ್ನೂ ಗಟ್ಟಿಯಾಗಿರಲಿಲ್ಲ, ಅಷ್ಟರಲ್ಲಿ ಈ ಸೂಜಿ.

ಎಸ್ಟೇಟಿನ ಕಂಪೌಂಡರ್ ಪರಮೇಶಪ್ಪ ಕರೆಯದೆಯೇ ಬಂದರು. "ಅದಕ್ಯಾಕ್ರೀ ಇಷ್ಟು ಯೋಚ್ನೆ? ನಮ್ ಸೋಮವಾರಪೇಟೆ ಕಡೆ ಸೂಜಿ ಮುರಿದ್ರೆ ಕಿತ್ತಳೆ ಮುಳ್ಳು ಹಾಕ್ತೀವಿ" ಎಂದು ಹಿತ್ತಲಿನಿಂದ ಮುಳ್ಳು ಕಿತ್ತು ಸಿಕ್ಕಿಸಿಯೇಬಿಟ್ಟರು. ಪ್ಲೇಟಿನಲ್ಲಿ ಮಾತಾಡುವ ಬಿಳಿ ಸಾಹೇಬನಿಗೆ ಒಮ್ಮೆಗೇ ನೆಗಡಿಯಾಯಿತು. ಮೊಣ್ಣಪ್ಪ ಅದನ್ನೇ ಮೂಗಿನಲ್ಲಿ ಒಪ್ಪಿಸಿದ.

"ಭೇಷ್! ಇದೇ ಕಣ್ರೀ ಅಸಲಿ ಇಂಗ್ಲಿಷು!" ಪರಮೇಶಪ್ಪ ತೊಡೆ ತಟ್ಟಿದರು.

ಅಷ್ಟರಲ್ಲಿ ಮ್ಯಾನೇಜರ ಬಂಗಲೆಗೆ ಹಾಲು ಕೊಡುವ ಪಕ್ಕದ ಮನೆಯ ಪೂವಮ್ಮ ಓಡುತ್ತ ಬಂದರು. "ಕೇಳಿದ್ರಾ ಮೊಣ್ಣಪ್ಪಣ್ಣ? ಹೊಸ ದೊರೆ ಬಾಗಿಲು ಹಾಕ್ಕೊಂಡು ಒಬ್ಬರೇ ಇಂಗ್ಲಿಷಲ್ಲಿ ಮಾತಾಡ್ತಾರೆ! ಆಳುಗಳೆಲ್ಲ ಹೆದ್ರಿಹೋಗಿದ್ದಾರೆ."

ಮೊಣ್ಣಪ್ಪ ಮಧ್ಯಾಹ್ನದ ಕಡುಬನ್ನು ಪಾಠ ಒಪ್ಪಿಸುತ್ತಲೇ ತಿಂದ. ಸಂಜೆ ಪರಮೇಶಪ್ಪ ತಮ್ಮ ಕೋಟನ್ನು ಅವನಿಗೆ ಬಲವಂತವಾಗಿ ತೊಡಿಸಿದರು. ಅದು ಎಷ್ಟು ಬಿಗಿಯೆಂದರೆ ಉಸಿರು ಬಿಟ್ಟರೆ ಗುಂಡಿ ಹಾರುವಂತಿತ್ತು. ಹೀಗೆ ಉಸಿರು ಹಿಡಿದುಕೊಂಡೇ ಅವನು ಆಫೀಸಿನ ಮೆಟ್ಟಿಲು ಹತ್ತಿದ. ಪರಮೇಶಪ್ಪ, ಪೂವಮ್ಮ ಕಾಫಿ ಗಿಡದ ಮರೆಯಲ್ಲಿ ನಿಂತರು.

ಜಯಪ್ಪನವರು ಮೇಜಿನ ಹಿಂದೆ ಗಂಟುಮುಖ ಹಾಕಿಕೊಂಡು ಕೂತಿದ್ದರು. ಆ ಮುಖ ಕಂಡ ಗಾಬರಿಗೆ ಮೊಣ್ಣಪ್ಪನ ಮೂಗಿನಿಂದ ಪಾಠ ತಾನಾಗಿ ಹೊರಟಿತು.

"ಪೋರ್ಟರ್! ವೇರ್ ಈಸ್ ಮೈ ಟ್ರಂಕ್?"

ಮ್ಯಾನೇಜರನ್ನೇ ಕೂಲಿಯವನೆಂದು ಕರೆದಾಗಿತ್ತು. ಕೋಟಿನ ಗುಂಡಿಯೊಂದು ಕಿತ್ತು ಮೇಜಿನ ಮೇಲೆ ಬಿತ್ತು. ಕೆಲಸ ಹೋಯಿತು, ಮನೆ ಹೋಯಿತು, ದಮಯಂತಿಗೆ ಏನು ಹೇಳುವುದು ಎಂದು ಅವನು ಕಣ್ಣು ಮುಚ್ಚಿಕೊಂಡ.

ಜಯಪ್ಪನವರು ಎದ್ದುಹೋಗಿ ಬಾಗಿಲು ಹಾಕಿ ಬಂದರು. ಅವರ ಹಣೆಯಲ್ಲಿ ಬೆವರಿತ್ತು. "ಯುವರ್ ಟ್ರಂಕ್ ಈಸ್ ಆನ್ ಪ್ಲಾಟ್‌ಫಾರ್ಮ್ ಟೂ, ಸರ್" ಎಂದರು.

ಪ್ಲೇಟಿನಲ್ಲಿ ಪೋರ್ಟರು ಹೇಳುವ ಮಾತು ಅಕ್ಷರಶಃ ಅದೇ.

ಜಯಪ್ಪನವರು ದನಿ ತಗ್ಗಿಸಿ, "ಇಂಗ್ಲಿಷ್ ಬರುತ್ತೆ ಅಂತ ಸುಳ್ಳು ಹೇಳಿ ಸೇರ್ಕೊಂಡೆ ಕಣ್ರೀ. ನಾನೂ ಅದೇ ಪ್ಲೇಟಲ್ಲಿ ಸ್ಟೇಷನ್‌ವರೆಗೆ ಕಲ್ತಿದೀನಿ. ನೀವು?" ಎಂದು ಕೇಳಿದರು.

"ಹೋಟೆಲ್‌ವರೆಗೆ, ಸರ್." ಭಯ ಇಳಿದದ್ದೇ ತಡ, ಮಾತಿನಲ್ಲಿ ತುಸು ಜಂಬವೂ ಬಂತು.

ಜಯಪ್ಪನವರು ಅವನ ಎರಡೂ ಕೈ ಹಿಡಿದುಕೊಂಡರು. "ಬದುಕಿಸಿದ್ರಿ ಮಾರಾಯ್ರೆ! ನಾಳೆ ಮದರಾಸಿಂದ ಕಂಪನಿಯ ದೊಡ್ಡ ದೊರೆ ಬರ್ತಾರೆ, ಅವರಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬರಲ್ಲ. ನಂಗೆ ಗಂಟಲು ಕೆಟ್ಟಿದೆ ಅಂತ ಸುಮ್ನೆ ಕೂತ್ಕೋತೀನಿ. ತೋಟದ ಲೆಕ್ಕವೆಲ್ಲ ನೀವೇ ಇಂಗ್ಲಿಷಲ್ಲಿ ವಿವರಿಸಿಬಿಡಿ."

ಮೊಣ್ಣಪ್ಪ ಹೊರಗೆ ಬಂದಾಗ ಪರಮೇಶಪ್ಪ ಗಿಡದ ಮರೆಯಿಂದ ಹಾರಿಬಂದರು. "ಏನಾಯ್ತ್ರೀ? ಕೆಲಸ ಉಳೀತಾ?"

"ಉಂಟು" ಎಂದ ಮೊಣ್ಣಪ್ಪ, ಕೋಟು ಕಳಚುತ್ತ. "ನಾಳೆ ದೊಡ್ಡ ದೊರೆ ಬರುವವರೆಗೆ ಉಂಟು."