ದುಬೈಗೆ ಹೊರಟ ನನ್ನ ಬೆಂಡೆಕಾಯಿ

ಜಗತ್ತಿನಲ್ಲಿ ದೊಡ್ಡ ದೊಡ್ಡ ರಾಜ್ಯಗಳು ಎದ್ದದ್ದೂ ಬಿದ್ದದ್ದೂ ವ್ಯಾಪಾರದಿಂದಲೇ ಎಂದು ಬಲ್ಲವರು ಹೇಳುತ್ತಾರೆ. ಸರ್ಕಾರ ಪಗಾರ ಕೊಟ್ಟಷ್ಟು ಕಾಲ ನಾನೂ ಮಕ್ಕಳಿಗೆ ಅದನ್ನೇ ಹೇಳಿದೆ. ನನ್ನ ರಾಜ್ಯ ಮಾತ್ರ ಬೆಂಡೆಕಾಯಿಯಿಂದ ಬಿತ್ತು.

ರಾಜ್ಯವೆಂದರೆ ಒಂದು ಕುರ್ಚಿ. ತುಕ್ಕಾನಟ್ಟಿಯ ನನ್ನ ಮಾವನ ಪಡಸಾಲೆಯಲ್ಲಿ, ಅವರ ಬಾಜೂ, ಸರಿಯಾಗಿ ಫ್ಯಾನಿನ ಕೆಳಗೆ ಇರುವ ಕುರ್ಚಿ. ನಾನು ಹಿರಿಯ ಅಳಿಯ, ಮೇಲಾಗಿ ಮೂಡಲಗಿಯ ನಿವೃತ್ತ ಭೂಗೋಳದ ಮಾಸ್ತರ. ಆದ್ದರಿಂದ ಅದು ನನ್ನದು. ಅಲ್ಲಿ ಕೂತು ಪೇಪರ್ ಬಿಡಿಸಿ, ಎಲ್ಲೋ ಸಮುದ್ರದಲ್ಲಿ ಹಡಗು ನಿಂತರೆ ನಮ್ಮ ಸಂತೆಯ ಮಿರ್ಚಿ ಭಜಿ ಯಾಕೆ ಸಣ್ಣದಾಗುತ್ತದೆ, ಪರದೇಶಕ್ಕೆ ಹೋಗುವ ಉಳ್ಳಾಗಡ್ಡಿಯನ್ನು ದಿಲ್ಲಿಯವರು ತಡೆದರೆ ಚುನಾವಣೆಯಲ್ಲಿ ಯಾರ ಮುಖ ಬಾಡುತ್ತದೆ ಎಂದೆಲ್ಲ ವಿವರಿಸುತ್ತಿದ್ದೆ. ಮಾವ ಎಲೆ ಅಡಿಕೆ ಜಗಿಯುತ್ತ "ಖರೆ, ಖರೆ" ಅನ್ನುತ್ತಿದ್ದರು.

ಅಷ್ಟರಲ್ಲಿ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಬೆಲ್ಲದ ಬಾಗೇವಾಡಿಯ ಮಹಾಂತೇಶ ಬೆಂಡೆ ಬೆಳೆದು ದುಬೈಗೆ ಕಳಿಸತೊಡಗಿದ. ನಾನು ಭೂಗೋಳ ಕಲಿಸಿದವ. ಅವನು ಭೂಗೋಳಕ್ಕೆ ತರಕಾರಿ ಕಳಿಸಿದವ! ಒಂದು ದಿನ ಪಡಸಾಲೆಯಲ್ಲಿ ನಾನು ಪೇಪರ್ ಬಿಡಿಸುವ ಹೊತ್ತಿಗೆ ಸರಿಯಾಗಿ, ಅಲ್ಲೇ ಕೂತಿದ್ದ ಅವನಿಗೆ ಫೋನ್ ಬಂತು.

"ಹೌದ್ರಿ, ನಮ್ಮ ಮಾಲು ಮುಂಜಾನೆನ ದುಬೈದಾಗ ಇಳೀತ್ರಿ."

ಮಾವ ಎಲೆ ಜಗಿಯುವುದನ್ನು ನಿಲ್ಲಿಸಿದರು. ಅವರ ಕುರ್ಚಿ ಅವನ ಕಡೆ ತಿರುಗಿತು.

ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ಕೊಲ್ಲಿ ದೇಶಗಳಲ್ಲಿ ಗದ್ದಲವಾಗಿ ವಿಮಾನಗಳು ನಿಂತವೆಂದು ಓದಿದಾಗ ಒಂದು ಕಪ್ ಚಹಾ ಹೆಚ್ಚು ಕುಡಿದೆ, ಅಷ್ಟೇ. ವಿಮಾನಗಳು ಮತ್ತೆ ಹಾರಿದವು. ಅದೇ ಗದ್ದಲಕ್ಕೆ ಏರಿದ ಅಡುಗೆ ಎಣ್ಣೆಯ ದರ ಮಾತ್ರ ಇಳಿಯಲಿಲ್ಲ. ಹೆಂಡತಿ ಸುಮಿತ್ರಾ ಭಜಿ ಕರಿಯುವುದನ್ನೇ ಬಂದ್ ಮಾಡಿದಳು. ಷಡ್ಡಕನಿಗೆ ಬಯಸಿದ ನಷ್ಟ ನನ್ನ ತಾಟಿಗೆ ಬಂದು ಬಿತ್ತು!

ಇನ್ನು ತಡೆಯಲಾಗಲಿಲ್ಲ. ನಾನೂ ಹೊಲಕ್ಕೆ ಬೆಂಡೆ ಹಾಕಿದೆ. ಮಹಾಂತೇಶನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳುವುದೇ? ಭೂಗೋಳದ ಮಾಸ್ತರ?

ಕಾಯಿ ಬಿಟ್ಟವು. "ಈಗ ಹರೀರಿ, ಎಳೀವು ಅದಾವು," ಅಂದಳು ಸುಮಿತ್ರಾ.

"ಪರದೇಶದವರ ಮುಂದ ಸಣ್ಣ ಕಾಯಿ ಇಟ್ಟು ಮೂಡಲಗಿ ಮರ್ಯಾದಿ ಕಳೀಲೇನು? ಬೆಳೀಲಿ ಬಿಡು!"

ಬೆಳೆದವು. ಪೊಲೀಸರ ಲಾಠಿ ನಾಚುವಂತೆ ಬೆಳೆದವು.

ಬೀಳ್ಕೊಡುಗೆಗೆ ಸಾಕ್ಷಾತ್ ಮಾವನನ್ನೇ ಕರೆಸಿದೆ. ನಮ್ಮ ಮನೆಯಿಂದ ಮೊದಲ ಬೆಳೆ ಪೂಜೆಯಿಲ್ಲದೆ ಹೊರಗೆ ಹೋಗುವುದಿಲ್ಲ. "ಒಂದು ಬುಟ್ಟಿಗೆ ಪೂಜಾ ಮಾಡಿದ್ರ ಮುಗೀತ್ರಿ. ಮಹಾಂತೇಶಪ್ಪಾರೂ ಹಂಗ ಮಾಡಿದ್ರಂತ," ಅಂದಳು ಸುಮಿತ್ರಾ. ಅವನು ಹಾಗೆ ಮಾಡಿದ್ದಾನೆ ಎಂದ ಮೇಲೆ ನಾನು ಅಷ್ಟಕ್ಕೇ ನಿಲ್ಲುವುದುಂಟೇ? ಒಂದೊಂದು ಕಾಯಿಗೂ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟೆ. ಕಾಯಿಗಳು ದುಬೈಗಲ್ಲ, ದೀಕ್ಷೆಗೆ ಹೊರಟಂತೆ ಕಂಡವು.

ಮಾವ ಟೆಂಪೋ ಮುಂದೆ ತೆಂಗಿನಕಾಯಿ ಒಡೆದರು. ನನ್ನ ಹೆಗಲಿಗೆ ಟವೆಲ್ ಹಾಕಿ, "ಮಾಸ್ತರ, ಇನ್ನ ದುಬೈ ಸುದ್ದಿ ನೀವ ಹೇಳ್ರಿ," ಅಂದರು. ಕುರ್ಚಿ ಉಳಿಯಿತು!

ಪರದೇಶದ ಮಾಲನ್ನು ಆರಿಸಿ ತುಂಬುವ ಶೆಡ್ಡು ಬೆಲ್ಲದ ಬಾಗೇವಾಡಿಯಲ್ಲಿತ್ತು. ನಾನು ಟೆಂಪೋದಿಂದ ಗಂಭೀರವಾಗಿ ಇಳಿದೆ. ಕಾಯಿ ಆರಿಸುವ ಹೆಂಗಸರು ಬುಟ್ಟಿ ತೆರೆದರು.

"ಯವ್ವಾ, ಇವು ಬೆಂಡಿಕಾಯೋ, ಹೀರಿಕಾಯೋ?"

"ಅಜ್ಜಾರ, ದುಬೈದವ್ರು ಇವನ್ನ ತಿನ್ಬೇಕೋ, ಕೈ ಮುಗೀಬೇಕೋ?"

ಬೆರಳುದ್ದದ ಎಳೆಯ ಕಾಯಿ ಮಾತ್ರ ನಡೆಯುತ್ತದಂತೆ. ಮೇಲೆ ಪುಡಿ ಕಂಡರೆ ಸಾಕು, ವಾಪಸು. ಉದ್ದಕ್ಕೆ ನನ್ನಲ್ಲಿ ಉಪಾಯವಿರಲಿಲ್ಲ. ಪುಡಿ ತಾನೇ? ಬುಟ್ಟಿಗಳನ್ನು ಎತ್ತಿ ನೀರಿನ ತೊಟ್ಟಿಯಲ್ಲಿ ಅದ್ದಿದೆ. ಬೆಂಡೆಯ ನವಿರು ಕೂದಲಿಗೆ ಅಂಟಿ ಕೂತಿದ್ದ ವಿಭೂತಿ ಹೋಗಲಿಲ್ಲ. ಕುಂಕುಮ ಮಾತ್ರ ಕರಗಿ, ಇಡೀ ಬುಟ್ಟಿ ಗುಲಾಬಿ ಬಣ್ಣವಾಯಿತು. ತೊಯ್ದ ಕಾಯಿಯನ್ನು ಅವರು ಮುಟ್ಟುವುದೇ ಇಲ್ಲ ಎಂಬುದು ಆಮೇಲೆ ತಿಳಿಯಿತು!

ಮಹಾಂತೇಶ ಓಡಿ ಬಂದ. "ನಗಬ್ಯಾಡ್ರಬೇ, ನಮ್ಮ ಅಣ್ಣಾರು ಅದಾರ," ಎಂದು ಹೆಂಗಸರನ್ನು ಗದರಿಸಿದ. ನನಗೆ ಚಹಾ ತರಿಸಿದ. "ಮೊದಲ ಸಲ ನನ್ನ ಮಾಲೂ ಹಿಂಗ ತಿರುಗಿ ಬಂದಿತ್ರಿ ಅಣ್ಣಾರ. ಒಂದ್ ಫೋನ್ ಹಚ್ಚಿದ್ರ ನಾನ ಬಂದು ಕಾಯಿ ಹರಿಸಿಕೊಡ್ತಿದ್ದೆ," ಅಂದ.

ಅವನು ಬೈದಿದ್ದರೆ ಎಷ್ಟು ಹಿತವಾಗಿರುತ್ತಿತ್ತು! ದುಬೈಗೆ ಮಾಲು ಕಳಿಸುವುದು ಸಾಲದೆಂದು ಮನುಷ್ಯ ಒಳ್ಳೆಯವನೂ ಆಗಿರಬೇಕೇ?

ಸಂಜೆ ಅದೇ ಟೆಂಪೋ ಅದೇ ಬುಟ್ಟಿಗಳ ಸಮೇತ ನಮ್ಮ ಮನೆ ಮುಂದೆ ನಿಂತಿತು. ಮಾವ ಇನ್ನೂ ಕಟ್ಟೆಯ ಮೇಲೆ ಕೂತು, ಮುಂಜಾನೆ ಒಡೆದ ಕಾಯಿಯ ಪ್ರಸಾದವನ್ನು ತಿನ್ನುತ್ತಿದ್ದರು. ಬುಟ್ಟಿಗಳನ್ನು ನೋಡಿದರು. ನನ್ನನ್ನು ನೋಡಿದರು.

"ಮಾಸ್ತರ, ದುಬೈ ಇಷ್ಟ ಸಮೀಪ ಐತೇನ್ರಿ?"

ಶುದ್ಧ ಭೂಗೋಳದ ಪ್ರಶ್ನೆ. ನಾನು ಬುಟ್ಟಿಗಳನ್ನು ಇಳಿಸತೊಡಗಿದೆ.

ಬೆಂಡೆಕಾಯಿಯನ್ನು ಎಮ್ಮೆಗೆ ಹಾಕಿದೆವು. ಅದೂ ಆರಿಸಿಯೇ ತಿಂದಿತು.

ಈಗ ತುಕ್ಕಾನಟ್ಟಿಯಲ್ಲಿ ಪೇಪರ್ ಬಿಡಿಸುವವನು ಮಹಾಂತೇಶ. ನಾನು ಕಂಬದ ಪಕ್ಕ ಕೂಡುತ್ತೇನೆ. ಅಲ್ಲಿಗೆ ಫ್ಯಾನಿನ ಗಾಳಿ ಬರುವುದಿಲ್ಲ.