ಸ್ಫೂರ್ತಿ ಸಿಗ್ನಲ್

"ಕೈ ಚಾಚು! ಇನ್ಮೇಲೆ ನೀನು ಹುಡುಕೋದು ಬೇಡ, ಪಾಡ್‌ಕಾಸ್ಟೇ ನಿನ್ನನ್ನ ಹುಡುಕ್ಕೊಂಡು ಬರುತ್ತೆ!" ಎನ್ನುತ್ತ ಚಂದ್ರಮೌಳಿ ಹೆಂಡತಿಯ ಮಣಿಕಟ್ಟಿಗೆ ಒಂದು ಪಟ್ಟಿ ಬಿಗಿದರು.

ಸರ್ವಮಂಗಳ ಮೇಜಿನ ಮೇಲೆ ನೋಡಿದಳು. ಅವಳ ಮೂರಂತಸ್ತಿನ ಟಿಫನ್ ಕ್ಯಾರಿಯರ್! ಹೊಟ್ಟೆಯಿಂದ ತಂತಿಗಳು ಇಣುಕುತ್ತಿದ್ದವು, ನೆತ್ತಿಯ ಮೇಲೆ ಒಂದು ಕೆಂಪು ದೀಪ, ಒಂದು ಹಸಿರು. ಮೂವತ್ತೆರಡು ವರ್ಷ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿ, ನಿವೃತ್ತರಾಗಿ ಅರಸೀಕೆರೆಯಲ್ಲೇ ಉಳಿದ ಚಂದ್ರಮೌಳಿಯವರಿಗೆ ಕೆಂಪು, ಹಸಿರು ದೀಪವಿಲ್ಲದ ಯಂತ್ರ ಮಾಡಲು ಬರುತ್ತಲೇ ಇರಲಿಲ್ಲ.

"ಹೆಸರು ಸ್ಫೂರ್ತಿ ಸಿಗ್ನಲ್! ಪ್ರಪಂಚದಲ್ಲಿ ಫೋಟೋಗ್ರಫಿ ಬಗ್ಗೆ ಎಷ್ಟು ಪಾಡ್‌ಕಾಸ್ಟ್ ಇದೆಯೋ ಎಲ್ಲಾನೂ ಹತ್ತತ್ತು ಸೆಕೆಂಡು ಕೇಳಿಸುತ್ತೆ, ಅದೂ ಕನ್ನಡದಲ್ಲಿ. ನಿನ್ನ ನಾಡಿ ಜಿಗಿದ್ರೆ ಹಸಿರು, ಮುಂದುವರಿಯುತ್ತೆ. ಇಲ್ದಿದ್ರೆ ಕೆಂಪು!"

ಸರ್ವಮಂಗಳಳಿಗೆ ಬೇಕಿದ್ದದ್ದು ಒಂದೇ ಒಂದು ಫೋಟೋ. ಒಳಕೋಣೆಯಲ್ಲಿ ಮಲಗಿದ್ದ ಅವಳ ತಾಯಿ ಶಿವಗಂಗಮ್ಮನವರಿಗೆ ಎಂಬತ್ತೊಂದು ವರ್ಷ. ಇನ್ನೆರಡು ತಿಂಗಳು ಅಂದುಕೊಳ್ಳಿ ಎಂದಿದ್ದರು ಡಾಕ್ಟರು. ಚಿಕ್ಕಂದಿನಲ್ಲಿ ಸಿಡುಬು ಬಂದು ಕೆನ್ನೆ ತುಂಬ ಕಲೆ ಉಳಿದಿದ್ದರಿಂದ ಆಕೆ ಜೀವಮಾನವಿಡೀ ಕ್ಯಾಮೆರಾ ಕಂಡೊಡನೆ ಸೆರಗು ಎಳೆದುಕೊಂಡವರು. ಮಗಳ ಮದುವೆಯ ಆಲ್ಬಮಿನಲ್ಲೂ ಕಾಣುವುದು ಸೆರಗು, ಸೆರಗಿನ ಕೆಳಗೆ ಗಲ್ಲದ ತುದಿ. ಸರ್ವಮಂಗಳ ಹಳೇ ಕ್ಯಾಮೆರಾ ಒಂದನ್ನು ತರಿಸಿದ್ದಳು. ಆದರೆ ತೆಗೆದದ್ದೆಲ್ಲ ಕತ್ತಲು, ಇಲ್ಲವೇ ಅಲುಗಾಟ. ತಾಯಿಯ ಮೈ ಒರೆಸುತ್ತ, ಗಂಜಿ ಕುಡಿಸುತ್ತ ಕೂತವಳಿಗೆ ನೋಡಿ ಕಲಿಯಲು ಬಿಡುವೆಲ್ಲಿ? ಕೇಳಿ ಕಲಿಯೋಣವೆಂದರೆ ಸಾವಿರಾರು ಪಾಡ್‌ಕಾಸ್ಟು, ಅರ್ಧಕ್ಕರ್ಧ ಲೆನ್ಸ್ ಮಾರುವವರ ಮಾತು.

ಚಂದ್ರಮೌಳಿ ಗುಂಡಿ ಒತ್ತಿದರು. ಆ ಕ್ಷಣಕ್ಕೇ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಸರ್ವಮಂಗಳ ಬೆಚ್ಚಿದಳು. ಹಸಿರು ದೀಪ!

"ಇಡ್ಲಿ ಹೊಳೆಯಬೇಕಾದರೆ ಎಣ್ಣೆ ಸವರಿ..." ಎಂದಿತು ಯಂತ್ರ.

"ನಂಗೆ ಇಡ್ಲಿ ಫೋಟೋ ಯಾಕ್ರೀ!"

"ಸ್ವಲ್ಪ ತಡಿ, ಕಲೀತಾ ಇದೆ!"

ಅದು ಕಲಿತದ್ದೇನೆಂದರೆ, ಈಕೆ ಬೆಚ್ಚಿದರೆ ಸ್ಫೂರ್ತಿ ಎಂದು. ಮೂರು ದಿನ ಸಿಂಹ, ಮೊಸಳೆ, ಜ್ವಾಲಾಮುಖಿಗಳ ಫೋಟೋಗ್ರಾಫರುಗಳನ್ನೇ ಕೇಳಿಸಿತು. ನಾಲ್ಕನೆಯ ದಿನ, ತಾಯಿಗೆ ಗಂಜಿ ಕುಡಿಸುತ್ತಿದ್ದಾಗ, ಗಂಭೀರ ದನಿಯಲ್ಲಿ ಶುರುಮಾಡಿತು:

"ಮುದುಕಿಯರಿಗೆ ಗುಂಡು ಹೊಡೆಯುವಾಗ ಆತುರ ಬೇಡ. ಮೊದಲು ಅವರ ಜೊತೆ ಟೀ ಕುಡಿಯಿರಿ. ಕಿಟಕಿಯ ಪಕ್ಕ ಕೂರಿಸಿ ಗುಂಡು ಹೊಡೆಯಿರಿ. ದಯವಿಟ್ಟು ತಲೆ ಕತ್ತರಿಸಬೇಡಿ!"

ಸರ್ವಮಂಗಳಳ ಕೈಯ ಚಮಚ ಬಿದ್ದೇಹೋಯಿತು. "ರೀ! ಏನ್ರೀ ಇದು!"

"ಇಂಗ್ಲಿಷ್‌ನಲ್ಲಿ ಶೂಟ್ ಅಂದಿರ್ತಾರೆ, ಇದು ಹಾಗೇ ಕನ್ನಡ ಮಾಡ್ಬಿಟ್ಟಿದೆ!" ಎನ್ನುತ್ತ ಚಂದ್ರಮೌಳಿ ಸ್ಕ್ರೂಡ್ರೈವರ್ ಹಿಡಿದು ಓಡಿಬಂದರು.

ಹಾಸಿಗೆಯಿಂದ ಗೊರಗೊರ ಸದ್ದು ಬಂತು. ಉಸಿರು ಕಟ್ಟಿತೇನೋ ಎಂದು ಸರ್ವಮಂಗಳ ಹೌಹಾರಿದಳು. ಶಿವಗಂಗಮ್ಮ ನಗುತ್ತಿದ್ದರು! ನಾಲ್ಕು ತಿಂಗಳಿಂದ ನಗದವರು.

"ಟೀ ಕುಡಿಸು ಅಂತಲ್ಲೇನೇ ಅದು ಹೇಳಿದ್ದು? ತಗೊಂಡ್ಬಾ. ಅಳಿಯಂದ್ರೇ, ಆ ಬಳೆ ನಂಗೊಂಚೂರು ಹಾಕಿ."

ಪಟ್ಟಿ ಆಕೆಯ ಸಣಕಲು ಕೈಗೆ ಬಂದದ್ದೇ ತಡ, ಹಸಿರು ದೀಪ ಹತ್ತಿತು. ಮತ್ತೆ ಕೆಂಪಿಗೆ ತಿರುಗಲೇ ಇಲ್ಲ! ಹಿಮದ ಫೋಟೋ, ಇರುವೆಯ ಫೋಟೋ, ಏನು ಬಂದರೂ ಮುದುಕಿಯ ನಾಡಿ ಕುಣಿಯುತ್ತಿತ್ತು. ಪಟ್ಟಿ ಬಿಚ್ಚಲು ಹೋದರೆ ಯಂತ್ರ ರೈಲಿನಂತೆ ಸಿಳ್ಳೆ ಹಾಕುತ್ತಿತ್ತು.

ಎರಡು ದಿನ ಕಳೆಯುವುದರೊಳಗೆ ಶಿವಗಂಗಮ್ಮ ಕ್ಯಾಮೆರಾ ಕೇಳಿದರು.

"ನಿಂಗ್ಯಾಕವ್ವ? ನಿಂದು ತೆಗೀಬೇಕು ಅಂತ ನಾನಿದ್ರೆ!"

"ನಾಳೆ ತೆಗಿಯೋವಂತೆ. ಇವತ್ತು ಬೆಳಕು ಸರಿಯಿಲ್ಲ. ನೀನು ಕಿಟಕಿ ಕಡೆ ತಿರುಗು ಮಂಗಳಿ."

ಮಲಗಿದ್ದಲ್ಲಿಂದಲೇ ಎಲ್ಲವನ್ನೂ ತೆಗೆದರು. ಫ್ಯಾನು, ಅಳಿಯನ ಬೋಳು ತಲೆ, ಮಗಳ ಒಡೆದ ಹಿಮ್ಮಡಿ. ಮಗಳು ಕೇಳಿದಾಗಲೆಲ್ಲ "ನಾಳೆ" ಎಂದರು. ಸಿಟ್ಟಿನಿಂದ ಸರ್ವಮಂಗಳ ಒಮ್ಮೆ ಕ್ಯಾಮೆರಾ ಕಿತ್ತುಕೊಂಡೂ ಬಿಟ್ಟಳು. ತಾಯಿ ಖಾಲಿ ಕೈ ಹಾಗೇ ಚಾಚಿಕೊಂಡಿದ್ದರು. ನೋಡಲಾಗದೆ ವಾಪಸ್ ಕೊಟ್ಟಳು.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಕೆಂಪು ದೀಪ ಹತ್ತಿತು.

ನೆಂಟರು, ನೆರೆಯವರು ಬಂದು ಸೇರುವಷ್ಟರಲ್ಲಿ ಯಂತ್ರಕ್ಕೆ ಹುಚ್ಚು ಹಿಡಿದಿತ್ತು. ಒಂದು ಪಾಡ್‌ಕಾಸ್ಟಿಗೂ ನಾಡಿ ಏಳದಿದ್ದರೆ ಅದು ತಾನೇ ಏನು ಮಾಡೀತು? ಹತ್ತು ಸೆಕೆಂಡಿಗೊಂದರಂತೆ ಪ್ರಪಂಚವನ್ನೆಲ್ಲ ಜಾಲಾಡುತ್ತ ದನಿ ಏರಿಸಿತು. ಬಂದವರ ಮೊಬೈಲುಗಳೊಳಗೂ ಹೊಕ್ಕಿತು! ಮೂವತ್ತು ಜೇಬುಗಳಿಂದ ಒಟ್ಟಿಗೇ ಕೂಗು: "ಅಲುಗಾಡಬೇಡಿ! ಉಸಿರು ಹಿಡಿಯಿರಿ! ಸ್ವಲ್ಪ ನಗಿ, ಇನ್ನೂ ಸ್ವಲ್ಪ!"

ಯಾರೋ ಕಿಸಕ್ಕೆಂದರು. ಯಾರೋ ಬೈದರು. ಚಂದ್ರಮೌಳಿ ಗುಂಡಿ ಒತ್ತಿದರು, ತಂತಿ ಕಿತ್ತರು, ಆದರೂ ನಿಲ್ಲಲಿಲ್ಲ. ಕೊನೆಗೆ ಸರ್ವಮಂಗಳ ತಾಯಿಯ ಪಕ್ಕ ಕೂತು, ತಣ್ಣಗಾದ ಕೈಯಿಂದ ಪಟ್ಟಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, "ಸಾಕು, ಇನ್ನು ಹುಡುಕಬೇಡ" ಎಂದಳು. ಯಂತ್ರಕ್ಕೆ ಮಾತು ಅರ್ಥವಾಯಿತೋ, ಬ್ಯಾಟರಿ ಮುಗಿಯಿತೋ, ಸುಮ್ಮನಾಯಿತು. ಆಗ ಅವಳಿಗೆ ಅಳು ಬಂತು.

ತಾಯಿಯ ಶಿವಗಣಾರಾಧನೆಯ ಕಾರ್ಡಿಗೆ ಫೋಟೋ ಬೇಕೆಂದರು ಪ್ರೆಸ್ಸಿನ ಮರುಳಪ್ಪ. ಗಂಡ ಹೆಂಡತಿ ಪ್ರೆಸ್ಸಿಗೆ ಕ್ಯಾಮೆರಾವನ್ನೇ ಕೊಂಡೊಯ್ದರು. ನಾನೂರ ಹನ್ನೆರಡು ಫೋಟೋ. ಶಿವಗಂಗಮ್ಮನವರದು ಒಂದೂ ಇಲ್ಲ. ಮೊದಮೊದಲ ಫ್ಯಾನು, ಬೋಳು ತಲೆಗಳು ದಾಟಿದ ಮೇಲೆ ಉಳಿದದ್ದೆಲ್ಲ ಸರ್ವಮಂಗಳ: ಗಂಜಿ ಆರಿಸುತ್ತ, ಗಂಡನ ಮೇಲೆ ರೇಗುತ್ತ, ಮಂಚಕ್ಕೆ ತಲೆಯಾನಿಸಿ ಮಧ್ಯಾಹ್ನ ನಿದ್ದೆಹೋಗಿ. ಆ ಕೊನೆಯದರಲ್ಲಿ ಕಿಟಕಿಯ ಬೆಳಕು ಅವಳ ನೆರೆಗೂದಲಿನ ಮೇಲೆ ಬಿದ್ದಿತ್ತು. ಒಂದಿಷ್ಟೂ ಅಲುಗಾಡಿರಲಿಲ್ಲ. ತನ್ನನ್ನು ಯಾರೋ ಇಷ್ಟು ಹೊತ್ತು ನೋಡಿದ್ದರೆಂದು ಸರ್ವಮಂಗಳಳಿಗೆ ಗೊತ್ತೇ ಇರಲಿಲ್ಲ.

ಅವಳು ಪಕ್ಕಕ್ಕೆ ತಿರುಗಿ ನಿಂತಳು. ಮರುಳಪ್ಪ ಕನ್ನಡಕ ಏರಿಸಿಕೊಂಡು ಆ ಫೋಟೋವನ್ನೇ ದಿಟ್ಟಿಸಿದರು.

"ಭಾರಿ ಕೈ ಸ್ವಾಮಿ ಇದು! ಯಾರು ತೆಗೆದಿದ್ದು? ಮದುವೆಗಿದುವೆಗೆ ಕರೆದ್ರೆ ಬರ್ತಾರಾ?"

ಚಂದ್ರಮೌಳಿ ಹೆಂಡತಿಯ ಕಡೆ ಒಮ್ಮೆ ನೋಡಿದರು.

"ಇಲ್ಲ ಮರುಳಪ್ಪನೋರೇ, ಅವ್ರು ಮನೆಯವರ್ದು ಮಾತ್ರ ತೆಗೀತಿದ್ದಿದ್ದು."